ಕೆಳಗೆ ನೋಡುವವಳು

ಕ್ಷೌರಿಕನ ಹೆಂಡತಿಗೆ ಕಾಡಂಚಿನ ಹಕ್ಕಿಗಳ ಹೆಸರೆಲ್ಲ ಬಾಯಿಪಾಠ, ಆದರೆ ಒಂದರ ಮುಖಪರಿಚಯವೂ ಇಲ್ಲ. ರಜೆಯ ದಿನ ಬೆಳಿಗ್ಗೆ ಗಂಡನ ಜೊತೆ ಹಕ್ಕಿ ನೋಡಲು ಹೋಗುವುದೇನೋ ನಿಜ. ನೋಡುವವನು ಅವನು. ಅವಳ ಪಾಲಿಗೆ ಬಂದದ್ದು ನೆಲ.

ಆ ಕಾಡಿನಲ್ಲಿ ಆನೆಗಳಿದ್ದವು. ಬೈನಾಕ್ಯುಲರ್ ಕಣ್ಣಿಗೇರಿಸಿ ಕತ್ತೆತ್ತಿದ ಮನುಷ್ಯನಿಗೆ ಮೂಗಿನ ಮುಂದೆ ಆನೆ ನಿಂತರೂ ತಿಳಿಯದು. ಅದಕ್ಕೇ ಮದುವೆಯಾದ ಹೊಸದರಲ್ಲಿ ಗಂಡ ಒಂದು ಏರ್ಪಾಡು ಮಾಡಿದ್ದ. ಅವನು ಮೇಲೆ ನೋಡಬೇಕು. ಅವಳು ಹಿಂದಿನಿಂದ ಅವನ ಅಂಗಿಯ ಚುಂಗು ಹಿಡಿದು ಕೆಳಗೆ, ಸುತ್ತ ನೋಡಬೇಕು. ಒಂದು ಸಲ ಜಗ್ಗಿದರೆ ನಿಲ್ಲು, ಎರಡು ಸಲ ಜಗ್ಗಿದರೆ ಸದ್ದಿಲ್ಲದೆ ಹಿಂದೆ ಸರಿ. ಬಾಯಿ ಬಿಡುವಂತಿಲ್ಲ, ಹಕ್ಕಿ ಹಾರಿಹೋಗುತ್ತದೆ. ಚುಂಗು ಹರಿದರೆ ಹೊಲಿಯುವವಳೂ ಅವಳೇ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ದರ್ಜಿ ಅವಳು. ಇಷ್ಟು ವರ್ಷದಲ್ಲಿ ಅವಳು ಕಣ್ತುಂಬ ನೋಡಿದ್ದೆಂದರೆ ಲದ್ದಿ, ಮುರಿದ ಕೊಂಬೆ, ಗಂಡನ ಬೆನ್ನು.

ಅಂಗಡಿಯಲ್ಲಿ ಮಾತ್ರ ಗಂಡನ ಕಥೆಯೇ ಬೇರೆ. ಗಂಟಲ ಮೇಲೆ ಕತ್ತಿ ಇರುವಾಗ ಯಾವ ಗಿರಾಕಿ ತಾನೇ ಎದುರಾಡುತ್ತಾನೆ? ಒಂದು ಮಧ್ಯಾಹ್ನ ಊಟದ ಡಬ್ಬಿ ತಂದವಳ ಕಿವಿಗೆ ಅವನ ಜಂಬ ಬಿತ್ತು.

“ಆನೆಗೀನೆ ನನಗ್ಯಾವ ಲೆಕ್ಕ? ಒಬ್ನೇ ನುಗ್ತೀನಿ, ಒಬ್ನೇ ಬರ್ತೀನಿ.”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಡಬ್ಬಿ ಕುಕ್ಕಿ ಮನೆಗೆ ಬಂದಳು.

ಮುಂದಿನ ರಜೆಯ ದಿನ ಗಂಡ ಏಳುವಷ್ಟರಲ್ಲಿ ಬೈನಾಕ್ಯುಲರ್ ಅವಳ ಕೊರಳಲ್ಲಿತ್ತು.

“ಇವತ್ತು ನೀವು ಕೆಳಗೆ ನೋಡಿ.”

“ನಿನಗೆ ಹಕ್ಕಿ ಹುಡುಕೋಕೆ ಬರಲ್ಲ ಕಣೇ.”

“ನಿಮಗೆ ಆನೆ ಹುಡುಕೋಕೆ ಬರುತ್ತಲ್ಲ, ಒಬ್ರಿಗೇ. ಅಷ್ಟು ಸಾಕು.”

ಅವಳಿಗೆ ಬೇಕಾಗಿದ್ದುದು ಒಂದೇ ಹಕ್ಕಿ. ಗಂಡ ಅದಕ್ಕೆ ನಾಚಿಕೆ ಹಕ್ಕಿ ಎಂದು ಹೆಸರಿಟ್ಟಿದ್ದ. ನೆರಳಲ್ಲಿ ಬೆನ್ನು ತಿರುಗಿಸಿ ಕೂತರೆ ಗಂಟೆಗಟ್ಟಲೆ ಮಿಸುಕುವುದಿಲ್ಲ. ಹೊಟ್ಟೆ ಮಾತ್ರ ಕಡುಕೆಂಪಂತೆ. ಆ ಹೊಟ್ಟೆ ಅವನಿಗೂ ಒಮ್ಮೆಯೂ ಕಂಡಿರಲಿಲ್ಲ. ಅದನ್ನು ಒಂದೇ ಒಂದು ಸಲ ನೋಡಿಬಿಡಬೇಕೆಂದು ಅವಳು ವರ್ಷಗಳಿಂದ ಒಳಗೊಳಗೇ ಹಂಬಲಿಸಿದ್ದಳು. ಕೇಳಲು ಬಿಗುಮಾನ ಬಿಟ್ಟಿರಲಿಲ್ಲ, ಅಷ್ಟೇ.

ಅವಳ ಸ್ವೆಟರಿನ ಚುಂಗು ಹಿಡಿದ ಗಂಡ ಕಾಡಿನ ದಾರಿಗೆ ಬಿದ್ದದ್ದೇ ಜಗ್ಗತೊಡಗಿದ. ಬಂಡೆ ಕಂಡರೆ ಜಗ್ಗಿದ, ಹುತ್ತ ಕಂಡರೆ ಜಗ್ಗಿದ. ಸುಟ್ಟ ಮರದ ಬೊಡ್ಡೆಗಂತೂ ಎರಡು ಸಲ ಜಗ್ಗಿ ತಾನೇ ಮೊದಲು ಹಿಂದೆ ಓಡಿದ. ಸ್ವೆಟರು ಮೊಣಕಾಲಿಗೆ ಇಳಿಯಿತು. ಕೊನೆಗೆ ಅವಳು ಅವನ ಜಗ್ಗಾಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಟ್ಟಳು.

ಬಿದಿರು ಮೆಳೆಯ ಆಚೆ ಕೊಂಬೆಯೊಂದರ ಮೇಲೆ ಅದು ಕೂತಿತ್ತು. ಕಂದು ಬೆನ್ನು, ನೀಳ ಬಾಲ. ಅವಳು ಉಸಿರು ಬಿಗಿಹಿಡಿದು ನೋಡಿದಳು. ಹಿಂದಿನಿಂದ ಗಂಡ ಎರಡು ಸಲ ಜಗ್ಗಿದ. ಇನ್ನೊಂದು ಹುತ್ತ ಇರಬೇಕು, ಹಾಳಾಗಿ ಹೋಗಲಿ ಎಂದುಕೊಂಡಳು. ಮತ್ತೆ ಜಗ್ಗಿದ. ಆಮೇಲೆ ಚುಂಗು ಕೈಬಿಟ್ಟಂತಾಯಿತು. ಓಡಿಹೋದನೇನೋ, ಹೋಗಲಿ ಬಿಡು.

ಹಕ್ಕಿ ತಿರುಗಿತು. ಆ ಕೆಂಪಿಗೆ ಅವಳ ಕಣ್ಣಲ್ಲಿ ನೀರು ಬಂದು ಎಲ್ಲ ಮಸುಕಾಯಿತು. ಒರೆಸಿಕೊಳ್ಳಲು ಬೈನಾಕ್ಯುಲರ್ ಇಳಿಸಿದಳು.

ಎದುರಿಗೆ ಗಂಡನ ಬೆನ್ನಿತ್ತು. ಅವನಾಚೆ, ಮೆಳೆಯಿಂದ ಅರ್ಧ ಹೊರಬಂದು ಆನೆ ನಿಂತಿತ್ತು.

ಅವನು ಓಡಿರಲಿಲ್ಲ. ಸುತ್ತಿಬಂದು ಎರಡೂ ತೋಳು ಅಗಲಿಸಿ ಅವಳಿಗೆ ಅಡ್ಡ ನಿಂತಿದ್ದ. ಪೈಜಾಮ ಗಡಗಡ ನಡುಗುತ್ತಿತ್ತು. ಗಾಳಿ ಇವರ ಕಡೆಗೆ ಬೀಸುತ್ತಿದ್ದುದು ಅವಳ ಕೆನ್ನೆಗೆ ತಿಳಿಯಿತು. ಆನೆಗೆ ಇವರ ವಾಸನೆ ಹೋಗಿರಲಿಲ್ಲ. ಅವನ ಭುಜ ಹಿಡಿದು ಮಿಸುಕದಂತೆ ನಿಲ್ಲಿಸಿದಳು. ಆನೆ ಕಿವಿ ಬೀಸಿತು, ಯೋಚಿಸಿತು, ತನ್ನ ಪಾಡಿಗೆ ಮೆಳೆಯೊಳಕ್ಕೆ ಹೋಯಿತು.

ಗಂಡ ದಾರಿಯಲ್ಲೇ ಕುಸಿದು ಕೂತ.

“ಇಷ್ಟು ವರ್ಷ, ಪ್ರತಿ ಸಲಾನೂ, ನಿನಗೆ ಹಿಂಗೇ ಆಗ್ತಿತ್ತಾ?” ಎಂದ.

“ಮತ್ತೆ?” ಎಂದಳು ಅವಳು, ಪಕ್ಕದಲ್ಲಿ ಕೂರುತ್ತ.