ಐಸಿನಲ್ಲಿಟ್ಟ ಸೂಜಿಮದ್ದು

ನನ್ನ ತಂಗಿ ಮರುಳಸಿದ್ದಮ್ಮನಿಗೆ ಈಗ ಮೂವತ್ತಾರು. ತಂಬ್ರಹಳ್ಳಿಯ ಹುಲುಗಣ್ಣನಿಗೆ ಕೊಟ್ಟು ಹದಿನಾಲ್ಕು ವರ್ಷವಾಯಿತು, ಮಕ್ಕಳಿಲ್ಲ. ಉಚ್ಚಂಗೆಮ್ಮನ ಗುಡ್ಡವನ್ನು ಬರಿಗಾಲಲ್ಲಿ ಹತ್ತಿದಳು. ದಾವಣಗೆರೆಯ ಆಸ್ಪತ್ರೆಯ ಮೆಟ್ಟಿಲನ್ನು ಅದಕ್ಕಿಂತ ಹೆಚ್ಚು ಸಲ ಹತ್ತಿದಳು. ತತ್ತಿ ತೆಗೆದು, ಹೊರಗೆ ಗಂಡನ ಬೀಜದೊಂದಿಗೆ ಕೂಡಿಸಿ, ಮತ್ತೆ ಒಳಗಿಟ್ಟರು. ಹೀಗೆ ಮಾಡಿದ ಎರಡು ಸಲವೂ ಬಸಿರು ನಿಲ್ಲಲಿಲ್ಲ.

"ಕುರಿ ಆಗಿದ್ರ ಎರಡು ಸೂಲು ನೋಡಿ ಸಂತಿಗೆ ಹೊಡೀತಿದ್ವಿ," ಎಂದು ಅವಳ ಅತ್ತೆ ಅಂಜಿನಕ್ಕ ನನ್ನೆದುರೇ ಅಂದಳು.

"ಕುರಿ ಸಾಕಿದೋರು ಮೊದ್ಲು ಟಗರು ಬದ್ಲಿ ಮಾಡಿ ನೋಡ್ತಾರ ಯಕ್ಕಾ!" ಎಂದೆ.

ಅವಳು ಕೆಂಡವಾದಳು. "ಇದೊಂದ್ಸಲ ನೋಡೂನು. ಆಗ್ಲಿಲ್ಲಂದ್ರ ಬ್ಯಾರೆ ಹೆಣ್ಣು ತರ್ತೀವಿ."

ಬಸ್ಸಿನ ಅನುಕೂಲಕ್ಕೆ ತಂಗಿ ಕಾನಹೊಸಹಳ್ಳಿಯ ನಮ್ಮ ಮನೆಯಲ್ಲಿ ಉಳಿದಳು. ತತ್ತಿ ಬೆಳೆಯಲು ದಿನಾ ಹೊಟ್ಟೆಗೆ ಸೂಜಿ. ನರ್ಸು "ತಣ್ಣಗಿಡ್ರಿ" ಅಂದಳು, ಮುಂದಿನದನ್ನು ನಾನು ಕೇಳಲಿಲ್ಲ. ಇಪ್ಪತ್ತು ವರ್ಷ ಕುರಿ ಲಸಿಕೆಯನ್ನು ಐಸಿನಲ್ಲಿ ಹೂತು ಹಟ್ಟಿಗೆ ತಂದವನಿಗೆ ಅವಳೇನು ಹೇಳುವುದು? ಫ್ರಿಜ್ಜಿನ ಮೇಲಿನ ಐಸ್ ಖಾನೆಯಲ್ಲಿಟ್ಟೆ. ಬೆಳಿಗ್ಗೆ ಗಟ್ಟಿಯಾದ ಬಾಟಲಿಯನ್ನು ಅಂಗೈಯಲ್ಲಿ ತಿಕ್ಕಿ ಕರಗಿಸಿ ಕೊಡುತ್ತಿದ್ದೆ. ಅವಳೇ ಚುಚ್ಚಿಕೊಳ್ಳುತ್ತಿದ್ದಳು. ಹೊಟ್ಟೆಯೆಲ್ಲ ನೀಲಿಗಟ್ಟಿತ್ತು.

ಹತ್ತನೆಯ ದಿನ ಸ್ಕ್ಯಾನ್ ಮಾಡಿದ ಡಾಕ್ಟರಮ್ಮ ಒಂದೂ ಬೆಳೆದಿಲ್ಲ ಎಂದರು. "ಔಷಧಿ ಐಸ್ ಆಗಿತ್ತೇನ್ರಿ? ಐಸ್ ಆದ್ರೆ ಕೆಟ್ಟೋಗುತ್ತೆ."

ಹೌದು ಎನ್ನಲು ಬಾಯಿ ತೆರೆದೆ. ತಂಗಿ ಅಷ್ಟರಲ್ಲೇ "ಇಲ್ರಿ" ಎಂದಳು.

ಹೊರಗೆ ಬಂದವನೇ ಕೈ ಎತ್ತಿ ಹರಿಹಾಯ್ದೆ. "ಲೇ, ಸುಳ್ಳು ಯಾಕ ಹೇಳಿದಿ?"

"ನರ್ಸಮ್ಮ ಹೇಳಿದ್ದು ನನಗ ಕೇಳಿತ್ತು ಯಣ್ಣಾ. ನೀ ಐಸ್‌ನಾಗ ಇಟ್ಟಿದ್ದೂ ನೋಡಿದ್ದೆ."

"ಮತ್ತ ಬಾಯಿ ಸತ್ತಿತ್ತೇನು?"

"ಎರಡನೇದು ಹೋದಾಗ ಬಚ್ಚಲದಾಗ ನಾ ಒಬ್ಬಾಕಿನ ಇದ್ದೆ. ಬಿದ್ದಿದ್ದನ್ನ ನಾನ ನೀರು ಹಾಕಿ ತೊಳ್ದೆ. ಇನ್ನೊಮ್ಮೆ ನನ್ನ ಕೈಲಿ ಆಗಲ್ಲ. ಬ್ಯಾಡ ಅಂದ್ರ ಯಾರು ಕೇಳ್ತಿದ್ರು? ಮದ್ದು ಕೆಟ್ಟಿತ್ತು ಅಂತ ನಮ್ಮತ್ತಿ ಮುಂದ ಹೇಳಬ್ಯಾಡ, ಮತ್ತ ಶುರು ಮಾಡ್ತಾರ."

ಎತ್ತಿದ್ದ ಕೈ ಇಳಿಯಿತು.

ಎರಡನೆಯ ಹೆಣ್ಣು ತರುವಾಗ ಮೊದಲನೆಯವಳ ತವರಿನವರು ಎಲೆ ಅಡಿಕೆ ಎತ್ತಿಕೊಟ್ಟು ಒಪ್ಪಬೇಕು ಎಂಬುದು ನಮ್ಮಲ್ಲಿಯ ಪದ್ಧತಿ. ತಿಂಗಳೊಳಗೆ ಹಿರಿಯರು ಕರೆಸಿದರು. ಹುಲುಗಣ್ಣ ತಲೆ ತಗ್ಗಿಸಿ ಕೂತಿದ್ದ.

"ನಿನ್ನ ತಂಗೀದ ದೋಷ ಅಂತ ಒಪ್ತೀಯಾ?" ಎಂದಳು ಅಂಜಿನಕ್ಕ.

ಮದ್ದು ಕೆಡಿಸಿದವನು ನಾನು. ನಾಲಿಗೆ ತುದಿಗೆ ಬಂದಿತ್ತು. ಬಾಗಿಲ ಬಳಿ ನಿಂತಿದ್ದ ತಂಗಿ ನನ್ನನ್ನೇ ನೋಡುತ್ತಿದ್ದಳು.

"ಒಪ್ತೀನಿ," ಎಂದು ಎಲೆ ಅಡಿಕೆ ಎತ್ತಿಕೊಟ್ಟೆ.