ಎಂತ? ಎಂದು ಕೇಳುತ್ತಿದ್ದ ಶೆಲ್

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕಾಲಿಟ್ಟರೆ ಬೇರೆಯೇ ಲೋಕ. ಹೊರಗೆ ಎಂಬತ್ತರ ದಶಕದ ಮಂಗಳೂರಿನ ಉರಿಬಿಸಿಲು. ಒಳಗೆ ಕಾಲೇಜಿನ ಒಂದೇ ಒಂದು ಏಸಿ ಕೋಣೆ, ಅದೂ ನಮಗಲ್ಲ, ಕಂಪ್ಯೂಟರಿಗೆ. ಊಟ ಮುಗಿಸಿ ಆ ತಂಪಿನಲ್ಲಿ ಕೂತರೆ ಹಸಿರು ಅಕ್ಷರಗಳು ಕಣ್ಣೆದುರು ತೇಲುತ್ತಿದ್ದವು. ಎಚ್ಚರದಲ್ಲಿದ್ದೇನೋ ನಿದ್ದೆಯಲ್ಲೋ ನನಗೇ ಗೊತ್ತಾಗುತ್ತಿರಲಿಲ್ಲ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನೂ ನನ್ನ ಗೆಳತಿಯೂ ಸಿ ಭಾಷೆಯಲ್ಲಿ ಒಂದು ಶೆಲ್ ಬರೆಯುತ್ತಿದ್ದೆವು. ಶೆಲ್ ಅಂದರೆ ದೊಡ್ಡ ಸಂಗತಿಯೇನಲ್ಲ. ನಾವು ಟೈಪ್ ಮಾಡಿದ ಆಜ್ಞೆಯನ್ನು ಓದುತ್ತದೆ, ಅದನ್ನು ನಡೆಸಲು ತನ್ನಂಥದ್ದೇ ಒಂದು ಮರಿಯನ್ನು ಹುಟ್ಟಿಸಿ ಕಳಿಸುತ್ತದೆ, ಮರಿಯ ಕೆಲಸ ಮುಗಿಯುವ ತನಕ ಕಾಯುತ್ತದೆ, ಮತ್ತೆ ಮುಂದಿನ ಆಜ್ಞೆ ಕೇಳುತ್ತದೆ. ಹಾಗೆ ಕೇಳುವ ಗುರುತಾಗಿ ಪರದೆಯ ಮೇಲೆ ಎಲ್ಲರೂ ಡಾಲರ್ ಚಿಹ್ನೆ ಇಡುತ್ತಿದ್ದರು. "ನಮ್ಮೂರಿನ ಶೆಲ್ಲಿಗೆ ಡಾಲರ್ ಎಂತಕ್ಕೆ ಮಾರಾಯ್ತಿ?" ಎಂದು ಅವಳು ಇಂಗ್ಲಿಷ್ ಅಕ್ಷರಗಳಲ್ಲಿ "ಎಂತ?" ಎಂದು ಹಾಕಿಬಿಟ್ಟಳು.

ಅವಳದು ನದಿಯಾಚೆಯ ಬೆಂಗ್ರೆ, ಮೀನುಗಾರರ ಮನೆ. ನಾನು ಮಣ್ಣಗುಡ್ಡದವಳು, ಹಿಂದೆ ಜಮೀನಿದ್ದ ಗುತ್ತಿನವರು, ಆಮೇಲೆ ಹೋಟೆಲಿನವರು. ದಿನಾ ಫೆರಿಯಲ್ಲಿ ನದಿ ದಾಟಿ ಬರುತ್ತಿದ್ದವಳು ಎಷ್ಟು ಕರೆದರೂ ನಾನು ಅವಳ ಮನೆಗೆ ಹೋಗಲಿಲ್ಲ. ನನಗೆ ನೀರೆಂದರೆ ಜೀವ ಹೋಗುವಷ್ಟು ಹೆದರಿಕೆ. ಕಡಲ ಬದಿಯ ಹುಡುಗಿ ಹಾಗೆ ಹೇಳಿದರೆ ಊರೇ ನಗುವುದಿಲ್ಲವೇ? ಒಂದೊಂದು ಸಲ ಒಂದೊಂದು ನೆವ ಹೇಳುತ್ತಿದ್ದೆ.

ಪರೀಕ್ಷೆ ಹತ್ತಿರ ಬಂದಾಗ ಅವಳು ಫೆರಿಯಿಂದ ಇಳಿಯುವಾಗ ಜಾರಿ ಕಾಲು ಮುರಿದುಕೊಂಡಳು. ಆಗಲೂ ನಾನು ಹೋಗಲಿಲ್ಲ. ಮೀನಿನ ದೋಣಿಗಳು ಬಂದು ನಿಲ್ಲುವ ದಕ್ಕೆಗೆ ಅವಳ ಅಪ್ಪ ದಿನಾ ಬರುತ್ತಿದ್ದರು. ಅವರ ಕೈಯಲ್ಲೇ ಪ್ರಿಂಟೌಟ್ ಕಳಿಸುತ್ತಿದ್ದೆ. ಒಂದು ದಿನ ಅವರು ನನ್ನ ಮುಖ ನೋಡದೆ ಹೇಳಿದರು: "ಇನ್ನು ಕಳಿಸುದು ಬೇಡವಂತೆ. ನಮ್ಮ ಮನೆಯ ನೀರು ನಿಮಗೆ ಆಗುದಿಲ್ಲ ಅಂತ ಅವಳಿಗೆ ಗೊತ್ತಾಯಿತಂತೆ."

ಅಯ್ಯೋ ದೇವರೇ! ಜಾತಿ ನೋಡುವವಳು ನಾನಾ? ಹೋದರೆ ಹೋಗಲಿ ಪೀಡೆ ಎಂದುಕೊಂಡೆ. ಆ ಏಸಿ ಕೋಣೆಗೆ ಬಂದು ಕೂತು ಅತ್ತೆ. ಅವಳಿಲ್ಲದೆ ನನಗೆ ಆ ಕೋಣೆಯೇ ಬೇಡವಾಗಿತ್ತು.

ಶೆಲ್ಲಿನದ್ದೂ ಒಂದು ಹಟ. ಎಲ್ಲ ಆಜ್ಞೆಗಳೂ ನಡೆಯುತ್ತಿದ್ದವು. ಬೇರೆ ಡೈರೆಕ್ಟರಿಗೆ, ಅಂದರೆ ಫೈಲುಗಳಿರುವ ಇನ್ನೊಂದು ಜಾಗಕ್ಕೆ, ಹೋಗು ಎಂದರೆ ಮಾತ್ರ ಹೋಗದು. ತಪ್ಪು ಎಂದೂ ಹೇಳದು. ಎಲ್ಲಿದ್ದೀ ಎಂದು ಕೇಳಿದರೆ ಅದೇ ಹಳೆಯ ಜಾಗ. ಏಸಿಯ ಗುಂಯ್ ಸದ್ದಿನಲ್ಲಿ ತೂಕಡಿಸುತ್ತಾ ಸಾಲುಗಳನ್ನು ನೋಡುತ್ತಿದ್ದೆ. ಶೆಲ್ ಮರಿಯನ್ನು ಕಳಿಸುತ್ತದೆ. ಮರಿ ಹೇಳಿದ ಜಾಗಕ್ಕೆ ಹೋಗಿಯೇ ಹೋಗುತ್ತದೆ, ಅಲ್ಲೇ ಮುಗಿಯುತ್ತದೆ. ಕಳಿಸಿದ ಶೆಲ್ ಮಾತ್ರ ಇದ್ದಲ್ಲೇ ಇರುತ್ತದೆ. ದಕ್ಕೆಯಲ್ಲಿ ನಿಂತು ಇಷ್ಟು ದಿನ ನಾನು ಮಾಡಿದ್ದೂ ಅದನ್ನೇ ಅಲ್ಲವೇ! ಈ ಒಂದು ಆಜ್ಞೆಗೆ ಮರಿ ಬೇಡ, ಶೆಲ್ ತಾನೇ ಹೋಗಲಿ ಎಂದು ಬದಲಾಯಿಸಿದೆ. ಹೋಯಿತು.

ಆಗಲೇ ಎದ್ದು ಹೊರಟೆ. ಹಂಪನಕಟ್ಟೆಯಲ್ಲಿ ಬಸ್ಸಿಳಿದು ಬಂದರಿಗೆ ಓಡಿದೆ, ಯೋಚಿಸಲು ಪುರುಸೊತ್ತು ಕೊಡದೆ ಫೆರಿ ಹತ್ತಿದೆ. ಬೆಂಚನ್ನು ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ, ಗೊತ್ತಿದ್ದ ದೇವರು ದೈವಗಳನ್ನೆಲ್ಲ ಕರೆದೆ. "ಎಂತ ಮಗಾ, ವಾಂತಿ ಬರ್ತದಾ?" ಎಂದಳು ಪಕ್ಕದ ಹೆಂಗಸು. ನಡುವೆ ಒಮ್ಮೆ ಕಣ್ಣು ಬಿಟ್ಟೆ. ನದಿಗೂ ಆಕಾಶಕ್ಕೂ ಒಂದೇ ಬಣ್ಣ. ಎರಡೂ ದಡ ದೂರ, ಸದ್ದೆಲ್ಲ ಎಲ್ಲಿಗೋ ಹೋದಂತೆ, ನಾನು ಬರೀ ಬೆಳಕಿನ ಮೇಲೆ ಕೂತಿದ್ದೆ. ಹೆದರಿಕೆಯ ನಡುವೆಯೂ ಎಷ್ಟು ಚಂದ ಅನ್ನಿಸಿತು.

ಅವಳು ಜಗಲಿಯಲ್ಲಿ ಪ್ಲಾಸ್ಟರ್ ಹಾಕಿದ ಕಾಲು ಚಾಚಿ ಕೂತಿದ್ದಳು. ನನ್ನನ್ನು ಕಂಡರೂ ನಗಲಿಲ್ಲ.

"ಎಂತ?" ಎಂದಳು. ಅಷ್ಟೇ. ಕೇಳಿ ಸುಮ್ಮನೆ ಕಾದಳು.

ಜಗಲಿಯ ಕಂಬವನ್ನು ಫೆರಿಯ ಬೆಂಚಿನ ಹಾಗೆ ಗಟ್ಟಿಯಾಗಿ ಹಿಡಿದುಕೊಂಡೆ. ಮೈಯೆಲ್ಲ ಬೆವರು. ಅವಳು ಆ ಕೈಯನ್ನೇ ನೋಡಿದಳು.

"ನಿನಗೆ ದಾಟ್ಲಿಕ್ಕೆ ಹೆದರಿಕೆಯಾ?"

"ಹೌದು ಮಾರಾಯ್ತಿ, ಅರ್ಧ ಸತ್ತೆ. ಮೊದಲು ಕುಡಿಯಲಿಕ್ಕೆ ಒಂದು ಚೆಂಬು ನೀರು ಕೊಡು."

"ನೀನು ಕೂತ್ಕೋ, ನಾನು ತರ್ತೇನೆ," ಎಂದು ಒಳಗಿಂದ ಅವಳ ಅಮ್ಮ ಕೂಗಿದರು. ಅವಳು ಕೇಳಲಿಲ್ಲ. ಗೋಡೆ ಹಿಡಿದು, ಕಣ್ಣೊರೆಸಿಕೊಂಡು, ಒಂದೇ ಕಾಲಲ್ಲಿ ಕುಂಟುತ್ತಾ ನೀರು ತರಲು ತಾನೇ ಹೋದಳು.