ಗುಂಡು ಮೂತಿಯ ಕಾರು ಮತ್ತು ನಮ್ಮಪ್ಪನ ಎರಡು ಶೋರೂಮ್

ಕಳೆದ ಭಾನುವಾರ ನಮ್ಮಪ್ಪ ಮುಟ್ಟಬಾರದ ಕಾರೊಂದನ್ನು ಮುಟ್ಟಿಬಿಟ್ಟರು.

'ದಯವಿಟ್ಟು ಮುಟ್ಟಬೇಡಿ' ಅಂತ ಬೋರ್ಡಿತ್ತು. ಸುತ್ತ ಹಗ್ಗ ಕಟ್ಟಿತ್ತು. ಒಳಗೆ ನೂರು ವರ್ಷಕ್ಕೂ ಹಳೆಯದಾದ ಫ್ರೆಂಚ್ ಕಾರು. ಕಡುನೀಲಿ ಬಣ್ಣ, ಹಿತ್ತಾಳೆ ದೀಪ. ಕಾಫಿ ತರೋಕೆ ಹೋದವನು ತಿರುಗಿ ನೋಡ್ತೀನಿ, ಎಂಬತ್ತರ ಹತ್ತಿರ ಬಂದಿರೋ ನಮ್ಮ ಪಪ್ಪಾ ಹಗ್ಗ ದಾಟಿ, ಕಣ್ಣು ಮುಚ್ಚಿಕೊಂಡು, ಬಾನೆಟ್ ಮೇಲೆ ಅಂಗೈ ಆಡಿಸ್ತಾ ನಿಂತಿದ್ದಾರೆ!

"ಪಪ್ಪಾ!" ಅಂತ ಕೂಗಿದೆ. ಕೇಳಿಸಲಿಲ್ಲ. ಅವರಿಗೆ ಕಿವಿ ಮಂದ. ಯಾಕೆ ಮಂದ ಅನ್ನೋದನ್ನ ನಿಮಗೆ ಹೇಳಬೇಕು. ಹೇಳೋಕೆ ನಾಚಿಕೆಯೂ ಆಗ್ತಿದೆ.

ನೀವು ಹಳೇ ಓದುಗರು, ನಮ್ಮನೆ ನಿಮಗೆ ಗೊತ್ತಿರೋದೇ. ಪರ್ತ್‌ನ ಸದರ್ನ್ ರಿವರ್‌ನಲ್ಲಿ ವಾಸ. ನಾನು ಡಾಕ್ಟರು, ಹೆಂಡತಿ ನರ್ಸು, ಮಗಳು ರಿಯಾಗೆ ಹನ್ನೆರಡು. ಮಮ್ಮಿ ತೀರಿಕೊಂಡ ಮೇಲೆ, ಆರು ವರ್ಷದಿಂದ ಪಪ್ಪಾ ನಮ್ಮ ಜೊತೆಗಿದ್ದಾರೆ. ಉಡುಪಿ ಕಡೆಯ ಕ್ಯಾಥೊಲಿಕ್ಕರು ನಾವು, ಮನೆಮಾತು ಕೊಂಕಣಿ. (ಅಪ್ಪ ಮಗನ ಮಾತನ್ನ ಇಲ್ಲಿ ಕನ್ನಡಕ್ಕೆ ತಂದಿದ್ದೀನಿ.)

ಒಂದು ವಿಷಯದಲ್ಲಿ ಮಾತ್ರ ನಿಮಗೂ ಟೋಪಿ ಹಾಕಿದ್ದೀನಿ. ಪಪ್ಪಾ ಬಹ್ರೇನ್‌ನಲ್ಲಿ 'ಆಟೊಮೊಬೈಲ್ ಲೈನ್'ನಲ್ಲಿದ್ದರು ಅಂತ ಇದೇ ಅಂಕಣದಲ್ಲಿ ಎರಡು ಮೂರು ಸಲ ಬರೆದೆ. ಪೂರ್ತಿ ಸುಳ್ಳೇನಲ್ಲ. ಗ್ಯಾರೇಜೊಂದರಲ್ಲಿ ಡೆಂಟರ್ ಆಗಿದ್ದರು. ಗುದ್ದಿಸಿಕೊಂಡು ನುಜ್ಜುಗುಜ್ಜಾಗಿ ಬಂದ ಕಾರಿನ ತಗಡನ್ನ ಸುತ್ತಿಗೆಯಲ್ಲಿ ಬಡಿದು ಬಡಿದು ಮೊದಲಿನ ಹಾಗೆ ಮಾಡೋ ಕೆಲಸ. ಊರಲ್ಲಿ ಟಿಂಕರಿಂಗ್ ಅಂತೀವಲ್ಲ, ಅದೇ. ಇಪ್ಪತ್ತೆಂಟು ವರ್ಷ ಬಡಿದರು. ನಾನು ಡಾಕ್ಟರಾದೆ, ಅವರ ಕಿವಿ ಹೋಯ್ತು.

ನಮ್ಮವರಲ್ಲಿ ಒಂದು ಪದ್ಧತಿ ಇದೆ. ಗಲ್ಫಿನಲ್ಲಿ ದುಡಿದ ಅಪ್ಪಂದಿರಿಗೆ ರಿಟೈರ್ ಆದ ಮೇಲೆ ಪ್ರಮೋಷನ್ ಸಿಗುತ್ತೆ! ಕೊಡೋರು ಮಕ್ಕಳು. ಬೇಕಿದ್ದರೆ ಇಲ್ಲೇ ಪಕ್ಕದ ಪಿಯಾರಾ ವಾಟರ್ಸ್ ಕಡೆ ಯಾರದಾದರೂ ಮನೆ ಬಾರ್ಬೆಕ್ಯೂ ಊಟಕ್ಕೆ ಬಂದು ಕೇಳಿಸಿಕೊಳ್ಳಿ. ಅಡುಗೆ ಮಾಡ್ತಿದ್ದವರು 'ಹಾಸ್ಪಿಟಾಲಿಟಿ', ಗೋಡೌನ್ ಕಾಯ್ತಿದ್ದವರು 'ಲಾಜಿಸ್ಟಿಕ್ಸ್'. ಬ್ರಿಸ್ಬೇನ್‌ನಲ್ಲಿರೋ ನನ್ನ ಕಸಿನ್ ತನ್ನ ಡ್ರೈವರ್ ಅಪ್ಪನನ್ನ 'ಟ್ರಾನ್ಸ್‌ಪೋರ್ಟ್ ಮ್ಯಾನೇಜರ್' ಮಾಡಿ ಹತ್ತು ವರ್ಷವಾಯ್ತು. ಅಪ್ಪಂದಿರೂ ಪಾಪ, ತುಟಿ ಪಿಟಕ್ಕೆನ್ನೋಲ್ಲ. ಮಕ್ಕಳ ಮರ್ಯಾದೆ ಪ್ರಶ್ನೆ ಅಲ್ವಾ?

ಹೋದ ವರ್ಷ ಪಪ್ಪಾಗೆ ಹಿಯರಿಂಗ್ ಏಡ್ ಕೊಡಿಸೋಕೆ ಹೋಗಿದ್ದೆ. ಫಾರ್ಮಿನಲ್ಲಿ ಒಂದು ಪ್ರಶ್ನೆ: ಜೋರು ಸದ್ದಿರೋ ಜಾಗದಲ್ಲಿ ಕೆಲಸ ಮಾಡಿದ್ದೀರಾ? ಪಕ್ಕದ ಕುರ್ಚಿಯಲ್ಲಿ ನಮ್ಮ ಚರ್ಚಿನವರೊಬ್ಬರು ಕೂತು ಇತ್ತಲೇ ನೋಡ್ತಿದ್ದರು. 'ಇಲ್ಲ' ಅಂತ ಟಿಕ್ ಹಾಕಿಬಿಟ್ಟೆ. ಡಾಕ್ಟರಾಗಿ! ಪಪ್ಪಾ ಕನ್ನಡಕ ಸರಿಮಾಡಿಕೊಂಡು ಆ ಟಿಕ್ಕನ್ನ ನೋಡಿದರು. ಆಮೇಲೆ ಗೋಡೆಯ ಟಿವಿ ನೋಡ್ತಾ ಕೂತರು.

ಸರಿ, ಭಾನುವಾರಕ್ಕೆ ಬರ್ತೀನಿ. ಅಡಿಲೇಡ್‌ನ ಪ್ರಾಸ್ಪೆಕ್ಟ್‌ನಿಂದ ಗೆಳೆಯ ರಮೇಶ ಬಂದಿದ್ದ. ಮೈಸೂರಿನವನು, ಅವನೂ ಡಾಕ್ಟರು. ಹಳೇ ಕಾರು ಅಂದರೆ ಹುಚ್ಚು. ಪಾರ್ಕಿನಲ್ಲಿ ವಿಂಟೇಜ್ ಕಾರುಗಳ ಶೋ ಇದೆ ಅಂತ ಅವನೇ ನಮ್ಮನ್ನೆಲ್ಲ ಹೊರಡಿಸಿದ್ದು. ಪಪ್ಪಾ, ರಿಯಾ, ಅವನು, ನಾನು.

ಪಾರ್ಕಿಗೆ ಕಾಲಿಟ್ಟದ್ದೇ ತಡ, ರಮೇಶ ಶುರು ಮಾಡಿದ. "ಅಂಕಲ್, ಇವತ್ತು ನಿಮಗೆ ಹಬ್ಬ ಬಿಡಿ. ಗಲ್ಫಲ್ಲಿ ನಿಮ್ಮದೂ ಕಾರ್ ಬಿಸಿನೆಸ್ಸೇ ಅಲ್ವಾ? ಎಷ್ಟು ಶೋರೂಮ್ ಇತ್ತು?"

ಪಪ್ಪಾ ನಕ್ಕರು. "ಅದು ಮಗನಿಗೆ ಗೊತ್ತು."

ರಮೇಶ ನನ್ನ ಕಡೆ ತಿರುಗಿದ. ಏನು ಹೇಳೋದು? ಬಾಯಿಗೆ ಬಂದದ್ದು ಹೇಳಿದೆ.

"ಎರಡು."

ಹೇಳಿದ ಮೇಲೆ ನನಗೇ ಒಂಥರಾ ಆಯ್ತು. ಲೈನು ಹೋಗಿ ಬಿಸಿನೆಸ್ಸಾಯ್ತು, ಬಿಸಿನೆಸ್ಸು ಹೋಗಿ ಶೋರೂಮಾಯ್ತು, ಅದೂ ಎರಡೆರಡು. ಪಪ್ಪಾ ಎರಡೂ ಕೈಯನ್ನ ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಮುಂದೆ ನಡೆದರು. ಅವರ ಎಡಗೈ ಹೆಬ್ಬೆರಳು ಸೊಟ್ಟ, ಯಾವುದೋ ಕಾಲದಲ್ಲಿ ಸುತ್ತಿಗೆ ಏಟು ಬಿದ್ದದ್ದು. ಜನರ ಮಧ್ಯೆ ಅವರು ಕೈ ಹೊರಗೆ ತೆಗೆಯೋದು ಕಡಿಮೆ. ಚಳಿ ಅಂದುಕೊಂಡಿದ್ದೆ ನಾನು.

ಕೊನೆಯ ಸಾಲಿನಲ್ಲಿ ಆ ನೀಲಿ ಕಾರಿತ್ತು. (ಕಂಪನಿಯ ಹೆಸರು ಕೇಳಬೇಡಿ, ಆ ಫ್ರೆಂಚ್ ಹೆಸರಿಗೆ ನನ್ನ ನಾಲಿಗೆ ಹೊರಳೋಲ್ಲ.) ಮಾಲೀಕ ಗ್ರೆಗ್, ಎಪ್ಪತ್ತು ದಾಟಿದ ಬಿಳಿಗಡ್ಡದ ಮನುಷ್ಯ. ಅವನ ಅಜ್ಜ ಕುರಿ ಉಣ್ಣೆಯ ದುಡ್ಡಲ್ಲಿ ತರಿಸಿದ ಕಾರಂತೆ. ನಡುವೆ ಎಷ್ಟೋ ವರ್ಷ ಫಾರ್ಮಿನ ಶೆಡ್ಡಲ್ಲಿ ಬಿದ್ದಿದ್ದು, ಅದರೊಳಗೆ ಕೋಳಿಗಳು ಮೊಟ್ಟೆ ಇಡ್ತಿದ್ದವಂತೆ.

ಕಾರಿನ ಮೂತಿ ವಿಚಿತ್ರವಾಗಿತ್ತು. ಬೇರೆ ಕಾರುಗಳ ಬಾನೆಟ್ ಪೆಟ್ಟಿಗೆ ಥರ. ಇದರದ್ದು ಸಂಪೂರ್ಣ ಗುಂಡಗೆ, ಬಚ್ಚಲುಮನೆಯ ಹಂಡೆ ಅಡ್ಡ ಮಲಗಿಸಿದ ಹಾಗೆ.

"ಇದ್ಯಾಕೆ ಹೀಗೆ?" ಅಂತ ರಮೇಶ ಕೇಳಿದ.

ಗ್ರೆಗ್‌ಗೆ ಅಷ್ಟೇ ಬೇಕಿತ್ತು. ಕಾರಿಗೆ ಕೈಹಾಕೋ ಮೊದಲು ಆ ಕಂಪನಿ ಹಡಗಿಗೆ ಬಾಯ್ಲರ್ ಮಾಡ್ತಿತ್ತಂತೆ. ಬೆಂಕಿ, ಮಸಿ, ಉಗಿಯ ಕೆಲಸ. ಆಮೇಲೆ ಕಾರು ಶುರು ಮಾಡಿದರು, ಎಂಥ ಕಾರು ಅಂದರೆ ರಷ್ಯಾದ ಚಕ್ರವರ್ತಿಯೇ ಗಿರಾಕಿ! ರಾಜರು, ಶ್ರೀಮಂತರು ಸಾಲುಗಟ್ಟಿದರು. (ಪ್ಯಾರಿಸ್ಸಿನಲ್ಲಿ ಹಾಡಹಗಲೇ ದರೋಡೆ ಮಾಡಿ ಪರಾರಿಯಾಗೋಕೆ ಕಳ್ಳರು ಕದ್ದದ್ದೂ ಇದೇ ಕಂಪನಿ ಕಾರನ್ನಂತೆ. ಕಳ್ಳರಿಗೂ ಟೇಸ್ಟ್ ಇತ್ತು.) ಅಷ್ಟು ದೊಡ್ಡ ಹೆಸರು ಬಂದ ಮೇಲೂ ಅವರು ಬಾಯ್ಲರನ್ನ ಮುಚ್ಚಿಡಲಿಲ್ಲ. ಕಾರಿನ ಮೂತಿಯನ್ನೇ ಬಾಯ್ಲರ್ ಥರ ಗುಂಡಗೆ ಮಾಡಿ, ಎಲ್ಲರಿಗೂ ಕಾಣೋ ಹಾಗೆ ಮುಂದೆ ಇಟ್ಟರು.

"ನಾವು ಬಾಯ್ಲರ್ ಮಾಡ್ತಿದ್ದವರು, ನೋಡ್ಕೊಳ್ಳಿ ಅಂತ," ಎಂದ ಗ್ರೆಗ್.

"ಆಮೇಲೆ ಏನಾಯ್ತು?" ಅಂದೆ.

"ಮಹಾಯುದ್ಧ ಬಂತು. ರಾಜರು ಹೋದರು. ನಿಧಾನಕ್ಕೆ ಇವರ ಕಾರೂ ಎಲ್ಲರ ಕಾರಿನ ಹಾಗೇ ಕಾಣೋಕೆ ಶುರುವಾಯ್ತು. ಕೊನೆಗೆ ಆ ಫ್ಯಾಕ್ಟರಿಯಲ್ಲಿ ತಯಾರಾಗಿದ್ದು ಆಟದ ಸಾಮಾನಿನಂಥ ಪುಟಾಣಿ ಕಾರು."

ಕಾಫಿ ತರ್ತೀನಿ ಅಂತ ಹೊರಟೆ. ತಿರುಗಿ ನೋಡಿದಾಗಲೇ ಪಪ್ಪಾ ಹಗ್ಗ ದಾಟಿದ್ದು.

ನಾನು ಓಡಿ ಬರೋ ಹೊತ್ತಿಗೆ ಗ್ರೆಗ್ ಮುಖ ಕೆಂಪಾಗಿತ್ತು. "ಓಯ್, ಮೇಟ್! ಬೋರ್ಡ್ ಕಾಣಿಸಲ್ವಾ?"

ಪಪ್ಪಾ ಕಣ್ಣು ಬಿಟ್ಟರು. ಗಾಬರಿಯಾಗಲಿಲ್ಲ. ಸೊಟ್ಟ ಹೆಬ್ಬೆರಳನ್ನ ಬಾನೆಟ್ಟಿನ ಒಂದು ಕಡೆ ಊರಿ, ತಮ್ಮ ಬಹ್ರೇನ್ ಇಂಗ್ಲಿಷಿನಲ್ಲಿ, "ಹಿಯರ್, ನೋ ಮೆಟಲ್. ಪುಟ್ಟಿ," ಅಂದರು.

ಪುಟ್ಟಿ ಅಂದರೆ, ಗೋಡೆಯ ತೂತು ಮುಚ್ಚೋಕೆ ಮೆತ್ತುತ್ತಾರಲ್ಲ, ಆ ಜಾತಿಯದೇ. ತಗ್ಗನ್ನ ಬಡಿದು ಎತ್ತೋ ಬದಲು ಅದನ್ನ ತುಂಬಿ, ಉಜ್ಜಿ, ಮೇಲೆ ಬಣ್ಣ ಹೊಡೆದರೆ ಯಾರಿಗೂ ಗೊತ್ತಾಗೋಲ್ಲ.

"ಸಾಧ್ಯವೇ ಇಲ್ಲ. ರಿಪೇರಿ ಮಾಡಿದವರು ಪೂರ್ತಿ ಕೈಯಲ್ಲಿ ಬಡಿದದ್ದು ಅಂತ ಹೇಳಿ ಕೊಟ್ಟಿದ್ದಾರೆ," ಅಂದ ಗ್ರೆಗ್. ಸುತ್ತ ಜನ ಸೇರಿದರು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.

ಪಪ್ಪಾ ಒಂದೇ ಮಾತು ಹೇಳಿದರು. "ಮ್ಯಾಗ್ನೆಟ್."

ಗ್ರೆಗ್ ಟೂಲ್ ಬಾಕ್ಸಿನಿಂದ ಪುಟ್ಟ ಅಯಸ್ಕಾಂತ ತೆಗೆದ, ಕರ್ಚೀಫಿನಲ್ಲಿ ಸುತ್ತಿ ಬಾನೆಟ್ಟಿಗೆ ಇಟ್ಟ. ಗಪ್ಪಂತ ಹಿಡೀತು. ಇನ್ನೊಂದು ಕಡೆ ಇಟ್ಟ, ಹಿಡೀತು. ಪಪ್ಪಾ ತೋರಿಸಿದ ಜಾಗದಲ್ಲಿ ಇಟ್ಟ. ಜಾರಿ ಹುಲ್ಲಿಗೆ ಬಿತ್ತು.

ಗ್ರೆಗ್ ಅದನ್ನ ಎತ್ತಿಕೊಂಡು ಮೂರು ಸಲ ಇಟ್ಟು ನೋಡಿದ. ಮೂರು ಸಲವೂ ಬಿತ್ತು. ಆಮೇಲೆ ಪಪ್ಪಾನ ಕೈಯನ್ನೇ ನೋಡ್ತಾ, ತುಂಬ ಮರ್ಯಾದೆಯಿಂದ ಕೇಳಿದ. "ಮೇಟ್, ನೀವು ಏನು ಕೆಲಸ ಮಾಡ್ತಿದ್ದಿರಿ?"

ಪಪ್ಪಾ ನನ್ನ ಕಡೆ ನೋಡಿದರು. ಕೋಪವಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಪರ್ಮಿಷನ್ ಕೇಳೋ ನೋಟ. ನನ್ನನ್ನ ಓದಿಸಿದ ಮನುಷ್ಯ ತನ್ನ ಕೆಲಸದ ಹೆಸರು ಹೇಳೋಕೆ ನನ್ನ ಪರ್ಮಿಷನ್ ಕೇಳ್ತಿದ್ದರು!

"ಆಸ್ಕ್ ಮೈ ಸನ್," ಅಂದರು.

ರಮೇಶ ನನ್ನನ್ನ ನೋಡಿದ. ರಿಯಾ ನೋಡಿದಳು.

"ಪ್ಯಾನೆಲ್ ಬೀಟರ್," ಅಂದೆ. ಇಲ್ಲಿ ಆ ಕೆಲಸಕ್ಕೆ ಅದೇ ಹೆಸರು. "ಇಪ್ಪತ್ತೆಂಟು ವರ್ಷ. ಆ ಸುತ್ತಿಗೆ ಸದ್ದಿಗೇ ಕಿವಿ ಹೋಗಿದ್ದು." ಆಮೇಲೆ ರಮೇಶನಿಗೆ, "ಶೋರೂಮೂ ಇಲ್ಲ, ಗೀರೂಮೂ ಇಲ್ಲ ಕಣೋ. ಸುಳ್ಳು ಹೇಳ್ಬಿಟ್ಟೆ."

ಗ್ರೆಗ್ ಹಗ್ಗ ಎತ್ತಿ ಹಿಡಿದು ಪಪ್ಪಾನನ್ನ ಕಾರಿನ ಇನ್ನೊಂದು ಪಕ್ಕಕ್ಕೆ ಕರೆದುಕೊಂಡು ಹೋದ. ಎಲ್ಲೆಲ್ಲಿ ಮೆತ್ತಿದ್ದಾರೆ ಅಂತ ಹುಡುಕಿಸೋಕೆ. ಒಂದು ಗಂಟೆ ಇಬ್ಬರೂ ಅಲ್ಲೇ. ರಮೇಶ ಹುಲ್ಲು ಕೀಳ್ತಾ ಕೂತಿದ್ದವನು ಹೇಳಿದ, "ನಮ್ಮ ತಂದೆ ಕೋರ್ಟಲ್ಲಿದ್ರು ಅಂತ ಹೇಳಿದ್ದೆನಲ್ಲ? ಕೋರ್ಟಿನ ಹೊರಗಿದ್ರು. ಮರದ ಕೆಳಗೆ, ಟೈಪ್‌ರೈಟರ್ ಇಟ್ಕೊಂಡು."

ವಾಪಸ್ ಬರೋವಾಗ ಹಿಂದಿನ ಸೀಟಿನಿಂದ ರಿಯಾ, "ಡ್ಯಾಡ್, ವೈ ಡಿಡ್ ಯು ಸೇ ಟೂ ಶೋರೂಮ್ಸ್?" ಅಂದಳು. "ಸಾರಿ, ಪಪ್ಪಾ," ಅಂದೆ, ಕೇಳಿಸೋ ಹಾಗೆ ಜೋರಾಗಿ.

"ಸಾರಿ ಯಾಕೆ? ಬೆಳಗ್ಗೆ ನೀನೇ ಶೋರೂಮ್ ಕೊಡಿಸಿದ್ದೆ, ಮಧ್ಯಾಹ್ನ ನೀನೇ ಮುಚ್ಚಿಸಿದೆ," ಅಂದರು. ನಕ್ಕರು ಕೂಡ. ನನಗೆ ಮಾತ್ರ ಕಣ್ಣು ಮಂಜಾಗಿ, ಸರ್ವೋದಲ್ಲಿ ಪೆಟ್ರೋಲ್ ಹಾಕಿಸೋ ನೆಪ ಮಾಡಿ ಗಾಡಿ ನಿಲ್ಲಿಸಬೇಕಾಯ್ತು.

ಸೋಮವಾರ ಕಿವಿ ಕ್ಲಿನಿಕ್ಕಿಗೆ ಫೋನ್ ಮಾಡಿ ಫಾರ್ಮ್ ತಿದ್ದಿಸಿದೆ.

ನಿನ್ನೆ ಶನಿವಾರ ಆರ್ವೋ, ಅಂದರೆ ಮಧ್ಯಾಹ್ನದ ಮೇಲೆ, ಗ್ರೆಗ್‌ನ ಪಿಕಪ್ ಗಾಡಿ ನಮ್ಮ ಮನೆ ಮುಂದೆ ನಿಂತು ಹಾರನ್ ಹೊಡೀತು. ನೀಲಿ ಕಾರಿನ ಬಾನೆಟ್ ಬಿಚ್ಚಿಟ್ಟಿದ್ದಾನಂತೆ, ಪಪ್ಪಾ ಬಂದು ಬಡಿದು ಸರಿಮಾಡಬೇಕಂತೆ. ಪಪ್ಪಾ ರೂಮಿನಿಂದ ಒಂದು ಕ್ಯಾನ್ವಾಸ್ ಚೀಲ ತಂದರು. ಒಳಗೆ ಎರಡು ಸುತ್ತಿಗೆ, ಹಿಡಿ ಸವೆದು ಹೊಳೀತಿದ್ದವು. ಬಹ್ರೇನ್‌ನಿಂದ ಊರಿಗೆ, ಊರಿಂದ ಪರ್ತ್‌ಗೆ ಬಂದಿವೆ. ಆರು ವರ್ಷದಿಂದ ಅವರ ಮಂಚದ ಕೆಳಗೇ ಇದ್ದವಂತೆ, ನನಗೆ ಗೊತ್ತೇ ಇರಲಿಲ್ಲ.

ಬಾಗಿಲ ಹತ್ತಿರ ನಿಂತು ಶೂ ಹಾಕಿಕೊಂಡರು. "ಚರ್ಚಿನವರು ಯಾರಾದರೂ ಫೋನ್ ಮಾಡಿ ನನ್ನ ಕೇಳಿದರೆ?"

"ಕೆಲಸಕ್ಕೆ ಹೋಗಿದ್ದಾರೆ ಅಂತೀನಿ."

ಪಪ್ಪಾ ಚೀಲ ಹೆಗಲಿಗೆ ಏರಿಸಿಕೊಂಡು ನನ್ನ ಮುಖ ನೋಡಿದರು.

"ಏನು ಕೆಲಸ ಅಂತ ಕೇಳಿದರೆ?"